ಜಗಲಿಯ ಹಲಸಿನ ಕೊರಡು

ಹಳೆಯ ಸಾಮಾನು ಕಂಡರೆ ನನ್ನ ಕಾಲು ತಾನಾಗಿ ನಿಲ್ಲುತ್ತದೆ. ತೊಂಬತ್ತರ ದಶಕದ ಕೊನೆಯಲ್ಲಿ ಶಿರಸಿ ಪೇಟೆಯ ಗುಜರಿ ಅಂಗಡಿಯಲ್ಲಿ ಆ ಹಲಸಿನ ಕೊರಡು ಕಂಡಾಗಲೂ ಹಾಗೇ ಆಯಿತು. ತೋಳುದ್ದದ್ದು, ಎತ್ತಲು ಎರಡೂ ಕೈ ಬೇಕು. ನಡುವೆ ಮೇಲಿಂದ ಕೆಳಕ್ಕೆ ಹಾದುಹೋದ ತೂತು. ಅದಕ್ಕೆ ಅಡ್ಡಲಾಗಿ ತೂರಿಸುವ ಕಬ್ಬಿಣದ ಗೂಟವೊಂದು ಸರಪಳಿಯಲ್ಲಿ ನೇತಾಡುತ್ತಿತ್ತು. ಯಲ್ಲಾಪುರದ ಕಡೆ ಯಾವುದೋ ಮನೆ ಕೆಡವಿದಾಗ ಬಂದದ್ದಂತೆ. ಯಾತಕ್ಕೆಂದು ಅಂಗಡಿಯವನಿಗೂ ಗೊತ್ತಿರಲಿಲ್ಲ.

"ಮನೇಲಿ ಹಳೇ ಗಂಡ ಒಬ್ಬ ಇದ್ದಿದ್ದು ಸಾಕಾಜಿಲ್ಯ?" ಎಂದರು ನಮ್ಮವರು. ಆದರೆ ಒಗಟು ಬಿಡಿಸಲು ನನಗಿಂತ ಮೊದಲು ಕೂತವರೂ ಅವರೇ. ಕರು ಕಟ್ಟುವುದಕ್ಕೆ ಎಂದರು, ಆಮೇಲೆ ಶ್ಯಾವಿಗೆ ಒರಳಿನ ಭಾಗ ಎಂದರು. ತಮಾಷೆಗೆ ತೂತಿನಲ್ಲಿ ಕಾಲು ತೂರಿಸಿದರು, ಹಿಮ್ಮಡಿ ಹೋಗಲಿಲ್ಲ. ನನ್ನದೂ ಹೋಗಲಿಲ್ಲ. ನನ್ನನ್ನು ಕಾಡಿದ್ದು ಬೇರೆ. ಕೊರಡಿನ ಮೈಯೆಲ್ಲ ಒರಟು, ತೂತಿನ ಒಳಗು ಮಾತ್ರ ಎಣ್ಣೆ ಸವರಿದ ಹಾಗೆ ನುಣ್ಣಗೆ. ಮೆತ್ತನೆಯದೇನೋ ವರ್ಷಗಟ್ಟಲೆ ಉಜ್ಜಿರಬೇಕು. ಬೆರಳಾಡಿಸಿದಾಗಲೆಲ್ಲ ಕಸಿವಿಸಿಯಾಗುತ್ತಿತ್ತು. ನಾನೋ ಹಟಮಾರಿ. ಅದರಲ್ಲಿ ಮನಿಪ್ಲಾಂಟಿನ ಬಾಟಲಿ ಇಟ್ಟು ಜಗಲಿಯ ಮೂಲೆಗೆ ಹಾಕಿದೆ.

ಅದೇ ವರ್ಷ ನಾಲ್ಕನೇ ಇಯತ್ತೆಯಲ್ಲಿದ್ದ ಮಗಳಿಗೆ ಒಂದು ವಿಚಿತ್ರ ಶುರುವಾಗಿತ್ತು. ಉಣ್ಣುತ್ತಿದ್ದವಳ ತುತ್ತು ಬಾಯಿಯ ಹತ್ತಿರ ನಿಂತುಬಿಡುತ್ತಿತ್ತು. ಕಣ್ಣು ತೆರೆದೇ ಇರುತ್ತಿತ್ತು, ಅವಳು ಮಾತ್ರ ಅಲ್ಲಿ ಇರುತ್ತಿರಲಿಲ್ಲ. ಮರುಗಳಿಗೆ ಏನೂ ಆಗದವಳಂತೆ ಉಣ್ಣುತ್ತಿದ್ದಳು. ಶಾಲೆಯಲ್ಲಿ ಲಕ್ಷ್ಯವಿಲ್ಲ ಎಂದರು, ನಾನೂ ಅದನ್ನೇ ಹಿಡಿದು ಗದರಿದೆ. ಒಳಗೊಳಗೇ ಜೀವ ಹಿಡಿಯಾಗಿತ್ತು. ಬಾಯಿಬಿಟ್ಟು ಹೇಳಿದರೆ ನಿಜವಾದೀತೆಂದು ಸುಮ್ಮನಿದ್ದೆ.

ಆಗ ಅತ್ತೆ, ನಮ್ಮವರ ತಾಯಿ, ಬಂದರು. ಯಲ್ಲಾಪುರದ ಹತ್ತಿರದ ಮಾಗೋಡಿನ ಕಡೆ ಹುಟ್ಟಿ ಬೆಳೆದವರು, ಸದಾ ವಟವಟ ಮಾತು. ಜಗಲಿಗೆ ಕಾಲಿಟ್ಟವರು ಕೊರಡು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ಇದನ್ನ ಮನೆಯೊಳಗೆ ಇಟ್ಕಳಡ, ತಂಗಿ."

"ಎಂತಕ್ಕೆ ಅತ್ತೆ? ಇದು ಎಂತದು ಹೇಳಿ ನಿಂಗಕ್ಕೆ ಗೊತ್ತಿದ್ದ?"

ಅವರು ಒಳಗೆ ನಡೆದುಬಿಟ್ಟರು. ಆಮೇಲೆ ಜಗಲಿಯಲ್ಲಿ ಕೂರಲೇ ಇಲ್ಲ. ಊಟದ ಹೊತ್ತಿಗೆ ಮೊಮ್ಮಗಳ ಕೈಯನ್ನೇ ನೋಡುತ್ತಿದ್ದರು. ಅವಳ ತುತ್ತು ನಿಂತರೆ ಇವರದೂ ನಿಲ್ಲುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಜಗಲಿಯಲ್ಲಿ ಮಗಳು ನಗುವುದು ಕೇಳಿಸಿತು. ಬಾಟಲಿ ತೆಗೆದಿಟ್ಟು, ತೂತಿನಲ್ಲಿ ಪಾದ ತೂರಿಸಿ, ಗೂಟವನ್ನೂ ಜಡಿದುಕೊಂಡಿದ್ದಳು. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತ್ತು. ನಾನು ನೋಡುತ್ತಿದ್ದಂತೆ ನಗು ಅರ್ಧಕ್ಕೆ ನಿಂತಿತು, ಕಣ್ಣು ಗೋಡೆಯಲ್ಲಿ ನೆಟ್ಟಿತು. ಗೂಟ ಎಳೆದೆ, ಅಲುಗಲಿಲ್ಲ. ಅತ್ತೆ ನನ್ನನ್ನು ಸರಿಸಿ ಕುಕ್ಕರಗಾಲಲ್ಲಿ ಕೂತು, ಅದರ ತುದಿಗೆ ಆಚೆ ಬದಿಯಿಂದ ಅಂಗೈಯಲ್ಲಿ ಗುದ್ದಿ, ಒಮ್ಮೆ ತಿರುಗಿಸಿದರು. ಸಲೀಸಾಗಿ ಬಂತು. ಆ ಕೈಗೆ ರೂಢಿಯಿತ್ತು.

"ಇದು ಕೋಳ," ಎಂದರು, ಮೊಮ್ಮಗಳ ಕಾಲು ತಿಕ್ಕುತ್ತ. "ಯನ್ನ ತಂಗಿಗೂ ಹೀಂಗೇ ಶುರುವಾದ್ದು. ಆಮೇಲೆ ಬಿದ್ದು ಒದ್ದಾಡ್ತಿತ್ತು. ಹೊಳೆ ಬದಿಗೆ ಹೋಗ್ತು ಹೇಳಿ ಅಪ್ಪಯ್ಯ ಕಾಲಿಗೆ ಹಾಕ್ಸಿದ್ದ."

ಇದು ನಿಮ್ಮ ತವರುಮನೆಯದೇನಾ ಎಂದು ಕೇಳಿದೆ.

"ಯಾರಿಗೆ ಗೊತ್ತು. ಆಗ ಬೇರೆ ಮನೇಲೂ ಇತ್ತು. ದಿನಾ ಹಾಕದು, ತೆಗೆಯದು ಯನ್ನ ಕೆಲಸ. ಒಂದಿನ ಪಾಪ ಕಂಡತ್ತು, ತೆಗೆದವಳು ತಿರುಗಿ ಹಾಕಿದ್ನಿಲ್ಲೆ. ಸಂಜೆಗೆ ತಂಗಿ ಹೊಳೇಲಿ ಸಿಕ್ತು."

ಸೆರಗಿನಿಂದ ಮೂಗು ಒರೆಸಿಕೊಂಡು ಮತ್ತೆ ಹೇಳಿದರು: "ಒಬ್ಬ ಡಾಕ್ಟ್ರಿಗೂ ತೋರ್ಸಿದ್ವಿಲ್ಲೆ. ನೀನು ನಾಳೇನೇ ಹುಬ್ಬಳ್ಳಿಗೆ ಕರ್ಕಂಡು ಹೋಗು."

ಮರುದಿನ ಮೊದಲ ಬಸ್ಸಿಗೆ ಹೊರಟೆವು. ಅತ್ತೆ ಅಷ್ಟರಲ್ಲೇ ಕೊರಡನ್ನು ಬಚ್ಚಲ ಒಲೆಗೆ ತುರುಕಿದ್ದರು. ಬರೀ ಹೊಗೆ ಬರುತ್ತಿತ್ತು, ಹೊತ್ತಿಕೊಂಡಿರಲಿಲ್ಲ. ಬಸ್ಸಿನಲ್ಲಿ ಮಗಳನ್ನು ಕಿಟಕಿಯ ಪಕ್ಕ ಕೂರಿಸಿ, ಅವಳ ಮಣಿಕಟ್ಟು ಹಿಡಿದುಕೊಂಡೆ. ಮುಂಡಗೋಡು ದಾಟುವಾಗ ಅವಳು ಮುಖ ಕಿವುಚಿದಳು.

"ಆಯಿ, ಕೈ ನೋವ್ತು, ಬಿಡೇ."

ನೋಡಿದರೆ ನನ್ನ ಬೆರಳಿನ ಗುರುತು ಸುತ್ತಲೂ ಕೆಂಪಗೆ ಮೂಡಿತ್ತು. ಬಿಡಲು ನನಗೆ ಧೈರ್ಯ ಬರಲಿಲ್ಲ.