ಬೆಳಗಾಗುವುದರೊಳಗೆ ಮಾಯವಾಗುತ್ತಿದ್ದ ಕ್ಲೋರಿನ್

1996ರ ಬೇಸಿಗೆ. ಸೇಲಂನಲ್ಲಿ ನೀರು ಶುದ್ಧೀಕರಿಸುವ ಯಂತ್ರ ಮಾರುವ ಕಂಪನಿಯೊಂದರಲ್ಲಿ ನಾನು ಸರ್ವೀಸ್ ಇಂಜಿನಿಯರ್. ಹತ್ತಿರದ ಎಡಪ್ಪಾಡಿಯಲ್ಲಿ ಮಗ್ಗ ಇಟ್ಟುಕೊಂಡು, ನೂಲಿಗೆ ಬಣ್ಣ ಹಾಕಿಸುವ ಕೆಲಸವನ್ನೂ ನಡೆಸುತ್ತಿದ್ದ ಕನ್ನಡ ಮನೆಮಾತಿನ ರಾಮಲಿಂಗಣ್ಣ ಮನೆಯ ಹಿಂದೆ ಈಜುಕೊಳ ಕಟ್ಟಿಸಿದ್ದರು. ಶೋಕಿಗಲ್ಲ. ಮಗಳು ಮಂಜುಳಾಳ ಎಡಗಾಲು ಪೋಲಿಯೋದಿಂದ ಸೊರಗಿ, ಆಪರೇಷನ್ ಆಗಿತ್ತು. ನೀರಿನಲ್ಲಿ ನಿಲ್ಲಿಸಿ ವ್ಯಾಯಾಮ ಮಾಡಿಸದಿದ್ದರೆ ಮಂಡಿ ಬಿಗಿದುಕೊಳ್ಳುತ್ತದೆ ಎಂದಿದ್ದರು ಡಾಕ್ಟರು. ಆದರೆ ಕೊಳದ ನೀರು ಹಸಿರಾಗಿತ್ತು. ಅಂಥ ನೀರಿಗೆ ಮಗುವನ್ನು ಇಳಿಸಕೂಡದು ಎಂದವರೂ ಅದೇ ಡಾಕ್ಟರು!

ಹಸಿರು ಎಂದರೆ ಪಾಚಿ. ಲೀಟರಿಗೆ ಒಂದರಿಂದ ಮೂರು ಮಿಲಿಗ್ರಾಂ ಕ್ಲೋರಿನ್ ಇದ್ದು, ನೀರಿನ ಹುಳಿ-ಕ್ಷಾರದ ಅಳತೆಯಾದ ಪಿಎಚ್ ಏಳೂವರೆಯ ಆಸುಪಾಸಿನಲ್ಲಿದ್ದರೆ ಪಾಚಿ ಬದುಕದು. ಇಷ್ಟೇ ನಮ್ಮ ವಿದ್ಯೆ. ಆಸಿಡ್ ಹಾಕಿ ಪಿಎಚ್ ಇಳಿಸಿದೆ, ಗೋಡೆ ಉಜ್ಜಿಸಿದೆ, ಸಂಜೆ ಬ್ಲೀಚಿಂಗ್ ಪೌಡರ್ ಕದಡಿ ಅದರ ತಿಳಿಯನ್ನು ಸುರಿದೆ. ಗಾಜಿನ ಕೊಳವೆಗೆ ನೀರು ತುಂಬಿ ಪರೀಕ್ಷೆಯ ಹನಿ ಬಿಟ್ಟರೆ ಚೆನ್ನಾಗಿ ಹಳದಿ ಬಂತು. ಹಳದಿ ಬಂದರೆ ಕ್ಲೋರಿನ್ ಇದೆಯೆಂದು ಅರ್ಥ. ಮರುದಿನ ಬೆಳಿಗ್ಗೆ ನೋಡಿದರೆ ಹಳದಿಯ ಸುಳಿವೇ ಇಲ್ಲ.

ಬಿಸಿಲಿಗೆ ಕ್ಲೋರಿನ್ ಹಾರಿಹೋಗುತ್ತದೆ, ಒಪ್ಪಿದೆ. ರಾತ್ರಿ ಎಲ್ಲಿಯ ಬಿಸಿಲು? ಪಾಚಿಯೇ ನುಂಗಿತೆನ್ನೋಣವೆಂದರೆ ದುಪ್ಪಟ್ಟು ಸುರಿದರೂ ಅದೇ ಕಥೆ. ಪೌಡರ್ ಹಳೆಯದೇ? ಹನಿ ಕೆಟ್ಟಿದೆಯೇ? ಬಾವಿ ನೀರಿನಲ್ಲೇ ಏನಾದರೂ ಇದೆಯೇ? ಎಲ್ಲವನ್ನೂ ಬದಲಾಯಿಸಿ ನೋಡಿದೆ. ಹೆಡ್ ಆಫೀಸಿಗೆ ಫೋನ್ ಮಾಡಿದರೆ “ಇನ್ನಷ್ಟು ಹಾಕಿ” ಎಂದು ಇಟ್ಟುಬಿಟ್ಟರು. ನನ್ನ ತಲೆ ಕೆಟ್ಟು ಮೊಸರು ಗಡಿಗೆಯಾಗಿತ್ತು.

“ಸಾರ್, ಏನಾನ ಮಾಡಿ. ಪಾಪ್ಪನ ಮಂಡಿ ಮಡ್ಸಕ್ಕೇ ಆಗ್ತಿಲ್ಲ,” ಎಂದರು ರಾಮಲಿಂಗಣ್ಣ. ನನಗೇ ಅಳು ಬರುವಂತಾಗಿತ್ತು.

ಕ್ಲೋರಿನ್ ಯಾವ ಹೊತ್ತಿಗೆ ಹೋಗುತ್ತದೆಂದು ತಿಳಿಯಲು ಒಂದು ದಿನ ಅವರ ಮನೆಯಲ್ಲೇ ಉಳಿದೆ. ಬೆಳಕು ಹರಿಯುವಾಗ ಎದ್ದು ಕೊಳದ ಬಳಿ ಹೋದರೆ ರಾಮಲಿಂಗಣ್ಣನ ತಾಯಿ ಚೌಡಮ್ಮ ಬಕೆಟಿನಿಂದ ಏನನ್ನೋ ನೀರಿಗೆ ಸುರಿಯುತ್ತಿದ್ದಾರೆ!

“ಅಮ್ಮಾ, ಏನದು?”

“ಐಪೋ ಕಣ್ ತಂಬಿ,” ಎಂದರು, ಕೋಳಿಗೆ ಕಾಳು ಹಾಕಿದೆ ಎನ್ನುವಷ್ಟು ಸಲೀಸಾಗಿ.

ಹೈಪೋ ಎಂದರೆ ಕ್ಲೋರಿನನ್ನು ಕೊಲ್ಲುವ ಹರಳು. ನೂಲನ್ನು ಬ್ಲೀಚ್ ಮಾಡಿದ ಮೇಲೆ ಅದರಲ್ಲಿ ಕ್ಲೋರಿನ್ ಉಳಿದರೆ ಎಳೆ ಬಲಗೆಟ್ಟು ಮಗ್ಗದಲ್ಲಿ ತುಂಡಾಗುತ್ತದೆ. ಅದಕ್ಕೇ ಹೈಪೋ ನೀರಿನಲ್ಲಿ ಅದ್ದುತ್ತಾರೆ. ಚೌಡಮ್ಮ ಜೀವಮಾನವಿಡೀ ಮಾಡಿದ ಕೆಲಸ ಅದು.

ನನಗೆ ಸಿಟ್ಟು ನೆತ್ತಿಗೇರಿತು. “ನಾನು ಹಾಕಿದ್ದನ್ನೆಲ್ಲ ನೀವೇ ಹಾಳು ಮಾಡ್ತಿದ್ದೀರಲ್ಲಮ್ಮಾ!”

“ಸಾಯಂಕಾಲ ಬ್ಲೀಚಿಂಗ್ ಸುರೀತೀಯ, ವಾಸ್ನೆ ಮೂಗ್ಗೆ ಒಡೀತೈತೆ. ಅದ್ನ ಸಾಯಿಸ್ದೆ ನಾವು ನೂಲ್ನೇ ಮಗ್ಗಕ್ಕೆ ಏರ್ಸಲ್ಲ, ಮಗೀನ ಇಳಿಸ್ಲಾ? ಅದ್ರ ಕಾಲು ನೂಲ್ಗಿಂತ ಗಟ್ಟಿಯಾ?”

ಸಿಟ್ಟು ಎಲ್ಲೋ ಇಳಿದುಹೋಯಿತು. ನೂಲಿನ ತೊಟ್ಟಿಯಲ್ಲಿರುವ ಕ್ಲೋರಿನ್ ಬಲು ಗಾಢ, ಕೊಳದಲ್ಲಿ ಉಳಿಯುವುದು ಅದರ ಒಂದು ಚೂರು ಮಾತ್ರ ಎಂದು ಎಷ್ಟು ಬಿಡಿಸಿ ಹೇಳಿದರೂ ಅವರು ಜಪ್ಪಯ್ಯ ಎನ್ನಲಿಲ್ಲ.

“ನಿನ್ ಲೆಕ್ಕ ನಂಗೆ ಬ್ಯಾಡ. ನೂಲ್ ಏಳ್ಲಿ, ಕೇಳ್ತೀನಿ.”

ನೂಲಿನ ಪರೀಕ್ಷೆಯಾಗುವ ತನಕ ಎಂಬ ಮಾತಿನ ಮೇಲೆ ಹೈಪೋ ನಿಂತಿತು. ನೀರಿನಲ್ಲಿ ಉಳಿದಿದ್ದ ಹೈಪೋ ಸವೆಯುವ ತನಕ ಪೌಡರ್ ಹಾಕಿದೆ. ಆಮೇಲೆ ಬೆಳಿಗ್ಗೆಯೂ ಹಳದಿ ನಿಂತಿತು, ಪಾಚಿ ಸತ್ತಿತು, ಫಿಲ್ಟರ್ ಓಡಿ ಓಡಿ ತಳ ಕಂಡಿತು. ಕ್ಲೋರಿನ್ ಎರಡು ಮಿಲಿಗ್ರಾಂಗೆ ಇಳಿದ ದಿನ ಚೌಡಮ್ಮ ನೂಲಿನ ಲಡಿಯೊಂದನ್ನು ಕೊಳದಲ್ಲಿ ಇಳಿಬಿಟ್ಟರು. ಮರುದಿನ ತೆಗೆದು, ನೆರಳಿನಲ್ಲಿ ಒಣಗಿಸಿ, ಎಳೆಗಳನ್ನು ಎರಡೂ ಕೈಗೆ ಸುತ್ತಿ ಜಗ್ಗಿದರು. ಮತ್ತೆ ಜಗ್ಗಿದರು. ನೂಲು ಹರಿಯಲಿಲ್ಲ.

ಸೆರಗು ಸಿಕ್ಕಿಸಿಕೊಂಡು ತಾವೇ ಮೊದಲು ನೀರಿಗಿಳಿದರು. ಆಮೇಲೆ ಮೊಮ್ಮಗಳತ್ತ ಕೈ ಚಾಚಿದರು.

ಅಂದಿನಿಂದ ಯಾರ ಮನೆಗೆ ಹೋದರೂ, ಪರೀಕ್ಷೆಯ ಪೆಟ್ಟಿಗೆ ಬಿಚ್ಚುವ ಮೊದಲು ನಾನು ಕೇಳುತ್ತಿದ್ದ ಪ್ರಶ್ನೆ ಒಂದೇ: “ಈ ನೀರು ಕಂಡರೆ ಮನೆಯಲ್ಲಿ ಯಾರಿಗೆ ಭಯ?” ಎಷ್ಟೋ ಕಡೆ ನಕ್ಕಿದ್ದಾರೆ. ನಗಲಿ. ಎದೆಮಟ್ಟದ ನೀರಿನಲ್ಲಿ ಅಜ್ಜಿಯ ಭುಜ ಹಿಡಿದು ನಿಂತ ಮಂಜುಳಾ “ಅಜ್ಜೀ, ಮಡಿಸ್ದೆ ನೋಡು!” ಎಂದು ಕಿರುಚಿದ್ದನ್ನು ಅವರು ಕೇಳಿಲ್ಲ.