ಹೊಳೆ ದಾಟಿದ ಹೆಣ್ಣುಮರಿಗಳು

"ಗಂಡೋ ಹೆಣ್ಣೋ?"

ಎಲ್ಲರೂ ಮೊದಲು ಕೇಳುತ್ತಿದ್ದುದು ಇದನ್ನೇ. ಬಣ್ಣ, ಕಿವಿ, ಬಾಲ ಎಲ್ಲ ಆಮೇಲೆ. ಧಾರೇಶ್ವರದ ದೇವು ನಾಯ್ಕ ಹೆಗಲ ಚೀಲದಿಂದ ನಾಯಿಮರಿಯನ್ನು ಹೊರಗೆತ್ತಿ, ಹೊಟ್ಟೆ ಕಾಣುವಂತೆ ತಿರುಗಿಸಿ, ಸೀರೆ ಅಂಗಡಿಯವನು ಸೆರಗು ಬಿಚ್ಚಿ ತೋರಿಸುವ ಗತ್ತಿನಲ್ಲಿ, "ಗಂಡು, ಗಂಡು. ನಾನು ಹೆಣ್ಣು ತಕಂಡು ಬತ್ನಾ?" ಎನ್ನುತ್ತಿದ್ದ.

ಅವನು ಮರಿ ಮಾರುವವನಲ್ಲ, ಟೆಲಿಫೋನ್ ಲೈನ್‌ಮನ್. ಅದೂ ಪೂರ್ತಿ ನಿಜವಲ್ಲ; ಲೈನ್‌ಮನ್ನನ ಕೈಕೆಳಗೆ ದಿನಗೂಲಿಗೆ ಕಂಬ ಹತ್ತುವವನು. ಊರವರು 'ಟೆಲಿಫೋನ್ ದೇವು' ಅಂದಾಗ ತಿದ್ದಲು ಹೋಗುತ್ತಿರಲಿಲ್ಲ, ಅಷ್ಟೆ. ಹೆಣ್ಣು ನೋಡಲು ಹೋದಲ್ಲೆಲ್ಲ ಹುಡುಗಿಯ ಕಡೆಯವರೇ "ಪರ್ಮನೆಂಟಾ?" ಎಂದು ಕೇಳಿ ಆ ತಿದ್ದುಪಡಿ ಮಾಡಿಬಿಡುತ್ತಿದ್ದರು. ತೊಂಬತ್ತೆಂಟರ ಸುಮಾರಿಗೆ ಕರಾವಳಿಯ ಮನೆಮನೆಗೆ ಫೋನು ಬರುತ್ತಿದ್ದ ಕಾಲ. ಉಪ್ಪುಗಾಳಿಗೆ ತಂತಿ ತುಕ್ಕು ಹಿಡಿಯುತ್ತಿತ್ತು, ಮಳೆಗೆ ಲೈನು ಸಾಯುತ್ತಿತ್ತು. ಕುಮಟಾದಿಂದ ಭಟ್ಕಳದವರೆಗೆ ಎಲ್ಲಿ ಆಳು ಕಮ್ಮಿಯೋ ಅಲ್ಲಿಗೆ ದೇವುವನ್ನು ಅಟ್ಟುತ್ತಿದ್ದರು. ಹಳೇ ಲೂನಾ, ಹ್ಯಾಂಡಲ್ಲಿಗೆ ತಂತಿಯ ಸುರುಳಿ, ಮುಂದೆ ಕಾಲಿಡುವ ಜಾಗದಲ್ಲಿ ಕೆಂಚಿ.

ಕೆಂಚಿ ಅಮ್ಮನ ನಾಯಿ. ಕುಮಟಾ ಮೀನುಪೇಟೆಯ ಹಿಂದೆ ಯಾರೋ ಒಡಕು ಬುಟ್ಟಿಯಲ್ಲಿ ಬಿಟ್ಟುಹೋದ ಮರಿಯನ್ನು ಅಮ್ಮ ಕಮಲಿ ಸೆರಗಿನಲ್ಲಿ ಸುತ್ತಿ ತಂದಿದ್ದಳು. ಕೆಂಪು ಮೈ, ನೆಟ್ಟಗೆ ನಿಂತ ಬಲಗಿವಿ, ಕಾಗದ ಮಡಚಿದಂತೆ ಮಡಚಿಕೊಂಡ ಎಡಗಿವಿ. "ಹೆಣ್ಣು ನಾಯಿ ಎಂತಕ್ಕೆ ತಂದ್ಯೇ ಅಮಾ?" ಎಂದು ದೇವು ಗೊಣಗಿದರೆ, "ಹೆಣ್ಣಾದ್ರೆ ಎಂತ ಆತು? ನಿನ್ನ ಸಾಕಿದ್ದು ಗಂಡಾ?" ಎಂದಿದ್ದಳು. ಅಪ್ಪ ಹೋಗಿ ವರ್ಷಗಳಾಗಿದ್ದವು. ಅಕ್ಕ ಸುಚಿತಾ ಮದುವೆಯಾಗಿ ಗೋವೆ ಸೇರಿದ್ದಳು. ಹಾಗಾಗಿ ಮನೆಯೆಂದರೆ ಇವರು ಮೂವರೇ. ಮೂವರಲ್ಲಿ ಮಾತು ಕೇಳುವ ಸ್ವಭಾವ ಇದ್ದದ್ದು ಕೆಂಚಿಗೆ ಮಾತ್ರ.

ಅದು ಕಂಬದ ಬುಡದಲ್ಲಿ ಕೂತು ಮೇಲೆ ನೋಡುತ್ತಿರುತ್ತಿತ್ತು. ಅವನು ಬಿದ್ದರೆ ಹಿಡಿಯುವ ಅಂದಾಜಿರಬೇಕು. ಭಟ್ಕಳದ ನವಾಯತ ಮುಸ್ಲಿಮರ ಓಣಿಗಳಲ್ಲಿ ನಾಯಿಗೆ ಅಂಗಳವೂ ನಿಷಿದ್ಧ. ಓಣಿಯ ಬಾಯಲ್ಲೇ ಕೂತು ಲೂನಾ ಕಾಯುತ್ತಿತ್ತು. ಕೆಲಸ ಮುಗಿಸಿ ಹೊರಟಾಗ ಪರದೆಯ ಹಿಂದಿನಿಂದ ಒಬ್ಬ ಅಜ್ಜಿ, "ಲೈನ್‌ಮನ್, ತಗೋ. ಇದು ನಿಂಗೆ ಅಲ್ಲ, ಆ ಹೊರಗೆ ಕೂತದ್ದಕ್ಕೆ" ಎಂದು ಎರಡು ರೊಟ್ಟಿ ಕೊಡುತ್ತಿದ್ದರು. ಒಂದನ್ನು ದೇವು ದಾರಿಯಲ್ಲಿ ತಾನೇ ತಿನ್ನುತ್ತಿದ್ದ. ಕೆಂಚಿ ಅದನ್ನು ನೋಡಿಯೂ ನೋಡದಂತಿರುತ್ತಿತ್ತು.

ಕೆಂಚಿ ಮೊದಲ ಸಲ ಮರಿ ಹಾಕಿದಾಗ ಅಮ್ಮ ಒಂದೇ ಮಾತು ಹೇಳಿದಳು: "ಒಂದನ್ನೂ ಬೀದಿಗೆ ಹಾಕೂಕಿಲ್ಲ. ಎಲ್ಲದಕ್ಕೂ ಮನೆ ನೋಡು."

ಗಂಡುಮರಿಗಳಿಗೆ ಮನೆ ಸಿಗುವುದು ಕಷ್ಟವಾಗಲಿಲ್ಲ. ವಾರದಿಂದ ಸತ್ತ ಫೋನಿನ ಮುಂದೆ ತಲೆಯ ಮೇಲೆ ಕೈಹೊತ್ತು ಕೂತವರ ಮನೆಗೆ ಲೈನ್‌ಮನ್ ಬಂದರೆ ಅವನ ಚೀಲದಲ್ಲಿ ಏನಿದ್ದರೂ ಬೇಡ ಅನ್ನಲು ಬಾಯಿ ಬರುವುದಿಲ್ಲ. ಮುರ್ಡೇಶ್ವರದ ಹೋಟೆಲಿನ ಬೀರಪ್ಪ, ಹೊನ್ನಾವರದ ಅಕ್ಕಿ ಮಿಲ್ಲಿನವರು, ಮಂಕಿಯ ಮಾಸ್ತರರು, ಹೀಗೆ ನಾಲ್ಕು ಸೂಲಿನ ಒಂಬತ್ತು ಗಂಡೂ ಮೂರು ತಾಲೂಕಿನಲ್ಲಿ ಅಲ್ಲಲ್ಲಿ ನೆಲೆಯಾದವು. ಮುಂದೆ ಯಾವ ಊರಿಗೆ ಹೋದರೂ ಒಂದು ಗೇಟಿನ ಹಿಂದೆ ಮಡಚಿದ ಕಿವಿಯೊಂದು ಎದ್ದು ಕುಣಿಯುತ್ತಿತ್ತು. ಅಲ್ಲಿ ದೊಡ್ಡ ಮಾವನೋ ಚಿಕ್ಕಪ್ಪನೋ ಇದ್ದಾನೆಂಬಂತೆ ದೇವು ಒಳಗೆ ಹೋಗುತ್ತಿದ್ದ.

ಹೆಣ್ಣು ಏಳು. ಅವಕ್ಕೆ ಒಂದು ಮನೆಯೂ ಸಿಗಲಿಲ್ಲ. ಮೊದಲ ಸಲ ಅವನು ಎಂಟು ಮನೆ ಕೇಳಿದ. ಎಂಟನೆಯ ಮನೆಯವರು, "ಬೇಕಾದ್ರೆ ಫೋನೂ ಬ್ಯಾಡ ಮಾರಾಯಾ, ಅದನ್ನ ಮಾತ್ರ ತಕಂಡು ಹೋಗು" ಎಂದರು. ಎರಡನೆಯ ಸಲ ಮೂರು ಮನೆ ಕೇಳಿದ. ಮೂರನೆಯ ಸಲ ಕೇಳಲೇ ಇಲ್ಲ. ಕೆಂಚಿಯನ್ನು ಹಿತ್ತಿಲಲ್ಲಿ ಕಟ್ಟಿ, ಮರಿಗಳನ್ನು ಗೋಣಿಗೆ ಹಾಕಿ, ಶರಾವತಿ ಸೇತುವೆ ದಾಟಿ ಕಾಸರಕೋಡದ ಮೀನು ಒಣಗಿಸುವ ಬಯಲಿನ ಅಂಚಿನಲ್ಲಿ ಬಿಟ್ಟು ಬರುತ್ತಿದ್ದ. ಹೊಳೆ ದಾಟಿಸಿದ್ದು ತಿರುಗಿ ಬರುವುದಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅಲ್ಲಿ ಮೀನಿನ ತಲೆಗೇನು ಬರವಿಲ್ಲ ಎಂದು ಅವನೇ ಅವನಿಗೆ ಹೇಳಿಕೊಳ್ಳುತ್ತಿದ್ದ. ಹೇಳಿಕೊಳ್ಳುವಾಗ ಹಿಂತಿರುಗಿ ನೋಡುತ್ತಿರಲಿಲ್ಲ.

ಮೊದಲ ಸೂಲಿನಲ್ಲಿ ಹಣೆಯ ಮೇಲೆ ಬಿಳಿ ಬೊಟ್ಟಿನ ಮರಿ ಒಂದಿತ್ತು. ಅಮ್ಮ ಅದಕ್ಕೆ ಚುಕ್ಕಿ ಎಂದು ಹೆಸರಿಟ್ಟಿದ್ದಳು. ಗೋಣಿ ಖಾಲಿ ಮಾಡಿ ಬಂದ ದಿನ ಅವಳು ಜಗಲಿಯಲ್ಲಿ ಕೂತು ಕೇಳಿದಳು:

"ಚುಕ್ಕಿ ಯಾರ ಮನೆಗೆ ಹೋತು?"

"ಶಿರಾಲಿಯಾಗೆ. ರಿಟೈರ್ಡ್ ಪೋಸ್ಟ್ ಮಾಸ್ಟರ್ ಮನೆ."

"ಹಾಲು ಹಾಕ್ತ್ರಾ?"

"ಹಾಲೊಂದೇ? ಬನ್ನು."

ಅಂದಿನಿಂದ ದೇವುವಿಗೆ ಇನ್ನೊಂದು ಕೆಲಸ ಗಂಟುಬಿತ್ತು. ಶಿರಾಲಿಯಲ್ಲಿ ಪೋಸ್ಟ್ ಮಾಸ್ಟರರೂ ಇರಲಿಲ್ಲ, ಮನೆಯೂ ಇರಲಿಲ್ಲ. ಆದರೆ ತಿಂಗಳಿಗೊಮ್ಮೆ ಅಲ್ಲಿಂದ ಸುದ್ದಿ ಬರಬೇಕಿತ್ತು. ಚುಕ್ಕಿ ಫ್ಯಾನಿನ ಕೆಳಗೆ ಮಲಗುತ್ತದೆ. ಚುಕ್ಕಿ ಪೋಸ್ಟ್ ಮಾಸ್ಟರರ ಕನ್ನಡಕ ಕಚ್ಚಿತು. ಚುಕ್ಕಿ ಅವರ ಜೊತೆ ರೈಲಿನಲ್ಲಿ ಮಂಗಳೂರಿಗೆ ಹೋಗಿ ಬಂತು. ಕಂಬದ ಮೇಲೆ ಕೂತಾಗ ಅವನು ಬೇರೇನೂ ಯೋಚಿಸುತ್ತಿರಲಿಲ್ಲ. ಉಳಿದ ಆರಕ್ಕೂ ಮನೆ ಕಟ್ಟಿಕೊಟ್ಟ. ಒಬ್ಬ ದಿನಗೂಲಿಯವನು ಅಷ್ಟು ಮನೆ ಕಟ್ಟಿಸಿದ್ದು ಊರಿನಲ್ಲಿ ಅದೇ ಮೊದಲು.

ಎರಡು ಸಾವಿರದ ಒಂದರಲ್ಲಿ ಅವನ ಮನೆಗೂ ಫೋನು ಬಂತು. ಅಮ್ಮ ರಿಸೀವರಿಗೆ ಅರಿಶಿನ ಕುಂಕುಮ ಹಚ್ಚಿ, "ಶಿರಾಲಿಗೆ ಮಾಡು. ಚುಕ್ಕಿ ಕೂಗೂದು ಕೇಳ್ತೆ" ಎಂದಳು.

"ಆ ಲೈನು ಹಾಳಾಗ್ಯದೆ."

"ನೀನೇ ಲೈನ್‌ಮನ್ ಅಲ್ದಾ?"

"ಹೌದು. ಅದ್ಕೇ ಹೇಳ್ತೆ, ಹಾಳಾಗ್ಯದೆ."

ಆ ಲೈನು ಎರಡು ವರ್ಷ ಹಾಳಾಗಿಯೇ ಇತ್ತು. ಅಮ್ಮ ಒಮ್ಮೆಯೂ ಜಗಳ ತೆಗೆಯಲಿಲ್ಲ. ಅವಳಿಗಿದ್ದ ಹಟ ಒಂದೇ: ಮಳೆಗಾಲದ ಒಣಮೀನಿಗೆ ಪ್ರತಿ ಮೇ ತಿಂಗಳು ಟೆಂಪೋ ಹತ್ತಿ ಕಾಸರಕೋಡಕ್ಕೇ ಹೋಗಬೇಕು. "ಕುಮಟಾದಲ್ಲಿ ಸಿಕ್ತದಲ್ಲೇ" ಎಂದರೆ, "ಅಲ್ಲಿದು ಚಲೋ ಇರ್ತದೆ" ಎಂದು ಕೈಚೀಲ ಹಿಡಿದು ಹೊರಟೇಬಿಡುತ್ತಿದ್ದಳು.

ಎರಡು ಸಾವಿರದ ಮೂರರ ಆಷಾಢದಲ್ಲಿ ಕಮಲಿ ಆಸ್ಪತ್ರೆ ಸೇರಿದಳು. ನಾಲ್ಕನೆಯ ದಿನ, ಮಾತು ಕ್ಷೀಣವಾದ ಮೇಲೂ, "ಚುಕ್ಕಿ ಹೆಂಗದೆ?" ಎಂದಳು. "ನಿನ್ನೆ ಮರಿ ಹಾಕ್ತಂತೆ. ಐದು" ಎಂದ ದೇವು. ಅಮ್ಮ ಅವನ ಕೈ ತಟ್ಟಿದಳು. ಮರುದಿನ ತೀರಿಕೊಂಡಳು.

ಆಮೇಲೆ ಮನೆಯಲ್ಲಿ ಇಬ್ಬರು. ದೇವು ಎರಡು ತಟ್ಟೆಗೆ ಗಂಜಿ ಬಡಿಸಿ ಒಂದನ್ನು ಹೊಸ್ತಿಲಾಚೆ ಇಡುತ್ತಿದ್ದ. ಮೊಬೈಲುಗಳು ಬಂದವು. ಜನ ಮನೆಯ ಫೋನು ವಾಪಸ್ ಮಾಡತೊಡಗಿದರು. ಏಳೆಂಟು ವರ್ಷದ ಹಿಂದೆ ತಾನೇ ಎಳೆದ ತಂತಿಗಳನ್ನು ಈಗ ಅವನೇ ಬಿಚ್ಚಿ ಸುತ್ತಿ ತರುತ್ತಿದ್ದ. ಕೆಂಚಿ ಮುದಿಯಾಗಿತ್ತು. ಆದರೂ ಲೂನಾದ ಜಾಗ ಬಿಟ್ಟಿರಲಿಲ್ಲ. ಶರಾವತಿ ಸೇತುವೆ ಬಂದಾಗಲೆಲ್ಲ ಮೂಗನ್ನು ಕಾಸರಕೋಡದ ಕಡೆಗೆ ಎತ್ತಿ ಹಿಡಿಯುತ್ತಿತ್ತು. ಒಣಮೀನಿನ ವಾಸನೆಗೆ ಇರಬೇಕು ಎಂದುಕೊಂಡು ದೇವು ಗಾಡಿ ಜೋರು ಮಾಡುತ್ತಿದ್ದ.

ಎರಡು ಸಾವಿರದ ಏಳರ ಮಳೆ ಮುಗಿಯುತ್ತಿದ್ದಂತೆ ಕೆಂಚಿ ಸತ್ತಿತು. ಅದೇ ತಿಂಗಳು ಲೂನಾ ಕೂಡ ನಿಂತಿತು. ಗ್ಯಾರೇಜಿನವನು ಅದನ್ನು ನೋಡಿ ಸಂತಾಪ ಸೂಚಿಸಿದ. ಸಂಜೆ ಮನೆಗೆ ಬಂದು ದೇವು ಫೋನೆತ್ತಿ ಡಯಲ್ ಟೋನ್ ಕೇಳುತ್ತಿದ್ದ. ಕೇಳಿ ಇಡುತ್ತಿದ್ದ. ಅಕ್ಕನಿಗೆ ಮಾಡಿದರೆ "ಮದುವೆ ಎಂತಾತು?" ಎಂದು ಕೇಳುತ್ತಾಳೆ, ಅದಕ್ಕಿಂತ ಟೋನೇ ವಾಸಿ. ಒಂದು ದಿನ ರೂಢಿಯ ಮೇಲೆ ಎರಡು ತಟ್ಟೆ ಗಂಜಿ ಬಡಿಸಿ, ಎರಡನ್ನೂ ನೋಡುತ್ತ ಕೂತಾಗ, ಕೆಂಚಿಯ ಸಂತಾನದ್ದೇ ಒಂದು ಮರಿ ಬೇಕು ಅನ್ನಿಸಿತು. ಬೇರೆ ನಾಯಿ ಬೇಡ. ಅಮ್ಮ ಸೆರಗಿನಲ್ಲಿ ತಂದದ್ದರ ಪೈಕಿಯೇ ಆಗಬೇಕು.

ಒಂಬತ್ತು ಮನೆಗಳನ್ನೂ ಸುತ್ತಿದ. ನಾಲ್ಕು ನಾಯಿಗಳು ಹೈವೇ ಲಾರಿಗೆ ಸಿಕ್ಕಿದ್ದವು. ಎರಡು ಮುದಿಯಾಗಿ ಹೋಗಿದ್ದವು. ಇದ್ದ ಮೂರು ಅವನ ಕಾಲು ನೆಕ್ಕಿದವು. ಮುರ್ಡೇಶ್ವರದ ಬೀರಪ್ಪ ಚಾ ಕೊಟ್ಟು ನಕ್ಕ.

"ಇವನ ಮರಿ ಕೇಳ್ತ್ಯಾ? ಊರೆಲ್ಲ ಅವೆ. ಯಾವ್ದು ಇವಂದು ಅಂತ ಯಾರು ಹೇಳೂದು? ಇವನೇ ಒಪ್ಪೂದಿಲ್ಲ. ಹೆಣ್ಣು ಒಂದನ್ನಾದ್ರೂ ಇಟ್ಕಣಬೇಕಿತ್ತಲ್ಲ, ತಮಾ."

ದೇವು ಚಾದ ಲೋಟ ಕೆಳಗಿಟ್ಟ. ಗೇಟಿರುವ ಮನೆಗಳನ್ನೆಲ್ಲ ಹುಡುಕಿ ಗಂಡುಗಳನ್ನು ಕೂರಿಸಿದ್ದ; ವಂಶ ಮುಂದುವರಿಸಬಲ್ಲ ಏಳನ್ನೂ ತನ್ನ ಕೈಯಾರೆ ಹೊಳೆ ದಾಟಿಸಿದ್ದ. ಇನ್ನು ಹೋಗುವುದಾದರೆ ಅಲ್ಲಿಗೇ ಹೋಗಬೇಕು.

ಭಾನುವಾರ ಬೆಳಿಗ್ಗೆ ಕಾಸರಕೋಡದಲ್ಲಿ ಟೆಂಪೋ ಇಳಿದು ನಡೆದ. ಬಯಲ ತುಂಬ ಮೀನು ಹರಡಿತ್ತು. ಎಷ್ಟೋ ಸಲ ಬಂದ ಜಾಗ, ಆದರೆ ಬರಿಗೈಯಲ್ಲಿ ಬಂದದ್ದು ಇದೇ ಮೊದಲು. ಮಗುಚಿಟ್ಟ ದೋಣಿಯ ನೆರಳಿನಿಂದ ಒಂದು ಕೆಂಪು ನಾಯಿ ಎದ್ದು ಬೊಗಳಿತು. ಅದರ ಹಿಂದೆ ಇನ್ನೆರಡು. ಮೂರಕ್ಕೂ ಎಡಗಿವಿ ಮಡಚಿತ್ತು. ಮೂರು ತಾಲೂಕಿನ ನೆಂಟನನ್ನು ಇಲ್ಲಿ ಯಾರೂ ಗುರುತಿಸಲಿಲ್ಲ. ಹಲ್ಲು ತೋರಿಸಿ ಅಲ್ಲೇ ನಿಲ್ಲಿಸಿದವು.

"ಏ, ಸುಮ್ನಿರ್ರೇ!" ಮೀನು ಮಗುಚುತ್ತಿದ್ದ ಹೆಂಗಸು ಎದ್ದು ಬಂದಳು. ಅರವತ್ತರ ಸುಮಾರು, ತಲೆಗೆ ಟವೆಲು. "ಯಾರು? ಮೀನು ಬೇಕಾಗಿತ್ತಾ?"

"ಅಲ್ಲ ಅಕ್ಕಾ. ನಾಯಿ... ಈ ನಾಯಿ ಯಾರದ್ದು?"

"ಯಾರದ್ದೂ ಅಲ್ಲ. ಅನ್ನ ಹಾಕೂಳು ನಾನು, ಗಂಗಿ." ಅವಳು ಅವನ ಮುಖವನ್ನೇ ನೋಡಿದಳು. "ನೀನು ಧಾರೇಶ್ವರದ ಕಮಲಕ್ಕನ ಮಗ ಅಲ್ದಾ? ಗೋಣಿ ತರ್ತಿದ್ದಂವ?"

"ನಿಮಗೆ ಅಮ್ಮ ಗೊತ್ತಾ?"

"ಗೊತ್ತಿಲ್ದೆ? ವರ್ಷವರ್ಷ ಬತ್ತಿದ್ಳು. ಎರಡು ಪಾವು ಮೀನು ತಕಣೂದು, ಚೀಲ ತುಂಬ ಅನ್ನ ತಂದು ಇವಕ್ಕೆ ಹಾಕೂದು. ನಿನ್ನ ಗೋಣಿಗೆ ಒಣಮೀನಿನ ವಾಸನೆ ಹೊಡೀತಿತ್ತಂತೆ. ಹೊಳೆ ಆಚೆ ಮತ್ತೆಲ್ಲಿ ಹೋತಾನೆ ಅಂತ ಹುಡ್ಕಂಡು ಬಂದಿದ್ಳು."

"ನನ್ನ ಹತ್ರ ಹೇಳಲೇ ಇಲ್ಲ."

"ನಾನೂ ಕೇಳ್ದೆ. 'ಅವ ಹೇಳೂ ಸುಳ್ಳು ಕೇಳೂಕೆ ಚಲೋ ಇರ್ತದೆ ಗಂಗೀ, ನಿಲ್ಸೂದು ಎಂತಕ್ಕೆ' ಅಂದ್ಳು. ಒಂದು ಸಲ ಇಲ್ಲೇ ಕೂತ್ಕಂಡು ನಗ್ಯಾಡಿದ್ಳು. ಎಂತದೋ ಕನ್ನಡಕ ಕಚ್ಚಿದ್ದು."

ದೇವು ದೋಣಿಯ ಮೇಲೆ ಕೂತ. ಗಂಗಿ ಅವನನ್ನು ಬಿಟ್ಟು ಮೀನು ಮಗುಚಲು ಹೋದಳು. ತುಸು ಹೊತ್ತಾದ ಮೇಲೆ ಅಲ್ಲಿಂದಲೇ ಕೂಗಿದಳು:

"ಆ ಬೊಟ್ಟಿಂದು ಹೋದ ವರ್ಷದ ಮಟ್ಟ ಇತ್ತು ತಮಾ. ನೀನು ಕೂತದ್ದೇ ಅದರ ದೋಣಿ. ದೋಣಿ ಅಡಿಯಾಗೆ ಅದರ ಮಗಳು ಮರಿ ಹಾಕ್ಯದೆ. ಗಂಡು ಒಂದು, ಹೆಣ್ಣು ಎರಡು. ಯಾವ್ದು ಬೇಕು?"

"ಹೆಣ್ಣು" ಎಂದ. ಗಂಗಿ ಇನ್ನೊಮ್ಮೆ ಕೇಳಬೇಕಾಯಿತು.

ಟೆಂಪೋದಲ್ಲಿ ಚೀಲ ತೊಡೆಯ ಮೇಲಿತ್ತು. ಸೇತುವೆಯ ಮೇಲೆ ಬರುವಾಗ ಅದು ಕುಂಯ್ ಅಂದಿತು. ಪಕ್ಕದಲ್ಲಿ ಬುಟ್ಟಿ ಇಟ್ಟುಕೊಂಡ ಹೆಂಗಸು ಬಗ್ಗಿ ನೋಡಿದಳು.

"ಮರಿಯಾ? ಗಂಡೋ ಹೆಣ್ಣೋ?"

"ಹೆಣ್ಣು."

"ಅಯ್ಯ, ಬಿಡೂಕೆ ಹೊಂಟದ್ದಾ?"

"ಅಲ್ಲ. ಬಿಟ್ಟದ್ದನ್ನ ಕರ್ಕಂಡು ಹೊಂಟದ್ದು."

ಅವಳಿಗೆ ಅರ್ಥವಾಗಲಿಲ್ಲ. ಬುಟ್ಟಿಯನ್ನು ಕೊಂಚ ಸರಿಸಿ ಚೀಲಕ್ಕೆ ಜಾಗ ಮಾಡಿಕೊಟ್ಟಳು.

ಮನೆ ಸೇರಿದಾಗ ಚೀಲವೂ ಪ್ಯಾಂಟೂ ಒದ್ದೆ. ಮರಿ ಜಗಲಿಯ ಮೂಲೆ ಮೂಸಿ ನೋಡಿ, ಅಮ್ಮ ಕೂರುತ್ತಿದ್ದ ಜಾಗದಲ್ಲೇ ಇನ್ನೊಮ್ಮೆ ಒದ್ದೆ ಮಾಡಿತು. ದೇವು ಒರೆಸಲು ಏಳಲಿಲ್ಲ. ಅದೇ ಜಾಗದ ಎದುರಿಗೆ, ದಿನಾ ಕೂರುತ್ತಿದ್ದಂತೆ ಕೂತು, "ಚುಕ್ಕಿ ಹೋದ ವರ್ಷದ ಮಟ್ಟ ಇತ್ತಂತೆ, ಅಮಾ" ಎಂದ. ಮುಂದೆ ಏನು ಸೇರಿಸಬೇಕೆಂದು ತಿಳಿಯಲಿಲ್ಲ. ನಿಜವಾದ ಸುದ್ದಿ ಹೇಳಿ ಅವನಿಗೆ ರೂಢಿಯಿರಲಿಲ್ಲ.