ಕೊಟ್ಟಿಗೆಯ ಬೆಣ್ಣೆ ಕರಟ

ನಾಲ್ಕು ವರ್ಷದ ಹಿಂದೆ, 2004ನೇ ಇಸವಿ. ನಮ್ಮದು ಕೊಪ್ಪ ತಾಲ್ಲೂಕಿನ ಮೇಗುಂದದ ಕಡೆಯ ಹಳ್ಳಿ. ಮೊಮ್ಮಗಳು ರಶ್ಮಿಗೆ ಆಗ ಮೂರು ವರ್ಷ. ದಿನಾ ಬೆಳಿಗ್ಗೆ ಹಸು ಕರೆದ ಕೂಡಲೇ ಒಂದು ಲೋಟ ನೊರೆಹಾಲನ್ನು ಕಾಯಿಸದೆ ಅವಳಿಗೆ ಕುಡಿಸುತ್ತಿದ್ದೆ. ನನ್ನ ಮಕ್ಕಳೆಲ್ಲ ಹಾಗೆ ಕುಡಿದೇ ಬೆಳೆದವರು. ಆದರೆ ಈ ಮಗುವಿಗೆ ಮತ್ತೆ ಮತ್ತೆ ಭೇದಿ. ಕೈಕಾಲು ಕಡ್ಡಿಯಾಗಿದ್ದವು. ಕೊಪ್ಪದ ಆಸ್ಪತ್ರೆಗೆ ಓಡಾಡಿ ಸಾಕಾಗಿತ್ತು.

"ಅತ್ತೆ, ಹಾಲು ಕಾಯಿಸಿ ಕೊಟ್ಟು ನೋಡುವಾ?" ಎಂದಳು ಸೊಸೆ ಸವಿತಾ.

"ನೀನು ಅಂಗಡಿ ಬಿಸ್ಕತ್ತು ತಿನ್ನಿಸೋದು ನಿಲ್ಸು ಮೊದ್ಲು" ಎಂದು ಅವಳ ಬಾಯಿ ಮುಚ್ಚಿಸಿದೆ.

ಆ ಬೇಸಿಗೆಯಲ್ಲಿ ನಮ್ಮ ಹಾಲಿನ ಸಂಘಕ್ಕೆ ಪರೀಕ್ಷೆ ಮಾಡಲು ಒಬ್ಬ ಹುಡುಗಿ ಬಂದಳು. ಒಬ್ಬೊಬ್ಬರ ಹಾಲನ್ನೂ ಒಂದೊಂದು ಗಾಜಿನ ನಳಿಗೆಗೆ ಹಾಕಿ, ನೀಲಿ ಬಣ್ಣ ಬೆರೆಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟಳು. ಹಾಲಿನಲ್ಲಿ ಕ್ರಿಮಿ ಹೆಚ್ಚಿದ್ದರೆ ನೀಲಿ ಬೇಗ ಹೋಗಿ ಬೆಳ್ಳಗಾಗುತ್ತದಂತೆ. ಎಲ್ಲರೂ ಜಗಲಿಯ ಮೇಲೆ ಕೂತು ಕಾದೆವು. ಒಂದು ಗಂಟೆಯೊಳಗೆ ಒಂದೇ ಒಂದು ಬೆಳ್ಳಗಾಯಿತು. ಅದು ನನ್ನದು.

"ಎಂತ ಮಾರಾಯ್ತಿ, ಊರಿಗೆಲ್ಲ ಮಡಿ ಹೇಳ್ಕೊಡೋಳು ನೀನು" ಎಂದು ಪಕ್ಕದ ಮನೆಯ ಸೀತಕ್ಕ ನಕ್ಕಳು.

"ನಿನ್ನ ಬಣ್ಣವೇ ಸರಿ ಇಲ್ಲ" ಎಂದು ನಾನು ಆ ಹುಡುಗಿಯ ಮೇಲೆ ಹರಿಹಾಯ್ದೆ.

ಅವಳಿಗೆ ಸಿಟ್ಟು ಬರಲಿಲ್ಲ. "ನಾಳೆ ನಿಮ್ಮ ಕೊಟ್ಟಿಗೆಗೇ ಬರ್ತೀನಿ ಅಜ್ಜಿ. ನೀವು ಹಾಲು ಕರೆಯೋದು ನೋಡ್ತೀನಿ."

ಮರುದಿನ ಹೇಳಿದ ಹಾಗೆ ಬಂದಳು. ನಾನು ಎಂದಿನಂತೆ ಗೋಡೆಯ ಸಂದಿಯಿಂದ ಬೆಣ್ಣೆಯ ಕರಟ ತೆಗೆದೆ. ಬೆರಳಿಗೆ ಬೆಣ್ಣೆ ಸವರಿಕೊಳ್ಳದೆ ಕರೆದರೆ ಹಸುವಿನ ಮೊಲೆತೊಟ್ಟು ಒಡೆಯುತ್ತದೆ ಎಂದು ನನ್ನ ಅತ್ತೆ ಕಲಿಸಿದ್ದರು.

"ಅದು ಯಾವತ್ತಿನ ಬೆಣ್ಣೆ ಅಜ್ಜಿ?"

ನನಗೇ ಗೊತ್ತಿರಲಿಲ್ಲ. ಮುಗಿಯುತ್ತ ಬಂದಾಗ ಹಳೆಯದರ ಮೇಲೇ ಹೊಸದು ಹಾಕುತ್ತಿದ್ದೆ. ಕರಟ ತೊಳೆದದ್ದೇ ಇಲ್ಲ. ಕ್ರಿಮಿ ಅದರಿಂದಲೇ ಬಂದಿರಬೇಕು ಎಂದಳು ಅವಳು.

"ಹಾಗಾದ್ರೆ ಎರಡು ಥರ ಕರೀತೀನಿ, ನೋಡಿಯೇ ಬಿಡುವ" ಎಂದೆ. ಮೊದಲು ಕೈಯನ್ನೂ ಕೆಚ್ಚಲನ್ನೂ ಬಿಸಿನೀರಿನಲ್ಲಿ ತೊಳೆದು ಕರೆದೆ. ಆಮೇಲೆ ಬೆಣ್ಣೆ ಹಚ್ಚಿಕೊಂಡು ಬೇರೆ ಪಾತ್ರೆಗೆ ಕರೆದೆ. ಎರಡು ನಳಿಗೆಗಳನ್ನೂ ಕೊಟ್ಟಿಗೆಯ ಕಟ್ಟೆಯ ಮೇಲೆ ಬಿಸಿನೀರಿನಲ್ಲಿಟ್ಟೆವು. ನಾವು ತಿಂಡಿ ತಿಂದು ಬರುವಷ್ಟರಲ್ಲಿ ಬೆಣ್ಣೆ ಕೈಯ ಹಾಲು ಬೆಳ್ಳಗಾಗಿತ್ತು. ಇನ್ನೊಂದು ಮಧ್ಯಾಹ್ನದ ಊಟದ ಹೊತ್ತಿಗೂ ನೀಲಿಯಾಗಿಯೇ ಇತ್ತು.

"ನೀಲಿ ಉಳಿದ್ರೂ ಮಗುಗೆ ಹಸಿ ಹಾಲು ಬೇಡ, ಕಾಯಿಸಿಯೇ ಕೊಡಿ" ಎಂದು ಹೇಳಿ ಆ ಹುಡುಗಿ ಹೊರಟಳು.

ಸವಿತಾ ಮಗುವನ್ನು ಸೊಂಟದ ಮೇಲಿಟ್ಟುಕೊಂಡು ನಿಂತಿದ್ದಳು. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು.

"ತಪ್ಪು ನಂದು. ಬಿಸ್ಕತ್ತಿನದಲ್ಲ" ಎಂದೆ. ಕರಟವನ್ನು ಬಚ್ಚಲ ಒಲೆಗೆ ಹಾಕಿದೆ.

ಕಾಯಿಸಿದ ಹಾಲು ಕುಡಿದು, ಮಳೆಗಾಲ ಮುಗಿಯುವಷ್ಟರಲ್ಲಿ ಮಗು ಮೈ ತುಂಬಿಕೊಂಡಿತು. ಆಸ್ಪತ್ರೆಯ ದಾರಿ ಮರೆತೆವು.

ನಾನು ಓದಿದ್ದು ಎರಡನೇ ಕ್ಲಾಸು. ಅತ್ತೆ ಹೇಳಿದ್ದನ್ನು ಯಾಕೆ ಎಂದು ಕೇಳಿದವಳಲ್ಲ. ಸೊಸೆ ಕೇಳಿದಾಗ ಅವಳನ್ನೂ ಸುಮ್ಮನಾಗಿಸಿದೆ. ಅದು ಈಗಲೂ ಚುಚ್ಚುತ್ತದೆ. ರಶ್ಮಿ ಈಗ ಶಾಲೆಗೆ ಹೋಗುತ್ತಾಳೆ. ನಾನು ಹಾಲು ಕರೆಯಲು ಹೊರಟರೆ ಬಾಗಿಲಿಗೆ ಅಡ್ಡ ನಿಂತು, "ಅಜ್ಜಿ, ಕೈ ತೋರ್ಸು" ಎನ್ನುತ್ತಾಳೆ.

ತೋರಿಸಿಯೇ ಹೋಗುತ್ತೇನೆ.